ಗಾಣಿಗ ಕೊಂಡ ಮಿಂಚಿನ ದೀಪ

ಬೆಟ್ಟಗಳು ಇನ್ನೂ ಊರಿಂದೂರಿಗೆ ನಡೆದಾಡುತ್ತಿದ್ದ ಕಾಲದಲ್ಲಿ ಮೇಘಾವತಿ ಎಂಬ ರಾಜ್ಯವಿತ್ತು. ಅಲ್ಲಿ ಬೊಮ್ಮಯ್ಯನೆಂಬ ಗಾಣಿಗನೂ ಅವನ ಹೆಂಡತಿ ದೇವೀರಿಯೂ ಎಣ್ಣೆ ತೆಗೆದು ಬದುಕುತ್ತಿದ್ದರು. ಅವರಿಗೆ ಹೊನ್ನಿ ಒಬ್ಬಳೇ ಮಗಳು. ಒಂದು ದಿನ ಕಾಳಾಸ್ಯನೆಂಬ ಮಾಂತ್ರಿಕ ಅವಳನ್ನು ಹೊತ್ತೊಯ್ದು, ಹಗಲೂ ಬೆಳಕು ನುಗ್ಗದ ತನ್ನ ಗವಿಯಲ್ಲಿ ಕೂಡಿಹಾಕಿದ.

ಬೊಮ್ಮಯ್ಯ ಗಾಣದ ಎರಡೂ ಎತ್ತುಗಳನ್ನು ಮಾರಿ ರಾಜಧಾನಿಯಿಂದ ಒಂದು ದೀಪ ತಂದ. ಅದರ ಗಾಜಿನ ಬುರುಡೆಯೊಳಗೆ ಒಂದು ಮಿಂಚನ್ನು ಹಿಡಿದಿಟ್ಟಿದ್ದರು. ಮುಚ್ಚಳ ತೆರೆದರೆ ಹರದಾರಿ ದೂರ ಬೆಳಕು.

"ಎಣ್ಣೆ ಮಾರುವವರ ಮನೆಗೆ ಎಣ್ಣೆ ಬೇಡದ ದೀಪ ಬಂತು," ಎಂದಳು ದೇವೀರಿ. "ಬಹಳ ಜಾಣರು ನೀವು."

"ಮಗು ಎಷ್ಟು ಒಳಗಿದ್ದಾಳೋ ಯಾರಿಗೆ ಗೊತ್ತು ಕಣೇ."

ದೇವೀರಿ ಮನೆಯ ಹಣತೆಗೆ ಎಣ್ಣೆ ತುಂಬಿಕೊಂಡು ಅವನ ಹಿಂದೆಯೇ ಹೊರಟಳು.

ಗವಿಯ ಬಾಯಲ್ಲಿ ಮಾಯೆಯ ಮಂಜು ಕವಿದಿತ್ತು. ಬೊಮ್ಮಯ್ಯ ಮುಚ್ಚಳ ತೆರೆದ. ಮಂಜು ಸುಣ್ಣದ ಗೋಡೆಯಂತೆ ಬೆಳ್ಳಗಾಗಿ ಬೆಳಕನ್ನೆಲ್ಲ ಅವನ ಮುಖಕ್ಕೇ ಎಸೆಯಿತು. ತನ್ನ ಕೈಯೇ ಅವನಿಗೆ ಕಾಣದಾಯಿತು. ದೇವೀರಿ ಬಗ್ಗಿ ಹಣತೆಯನ್ನು ನೆಲದ ಹತ್ತಿರ ಹಿಡಿದಳು. ಒಂದು ಹೆಜ್ಜೆಯಷ್ಟು ದಾರಿ ಕಂಡಿತು. ಅದು ಮುಗಿದ ಮೇಲೆ ಇನ್ನೊಂದು ಹೆಜ್ಜೆ.

"ಬುರುಡೆಯೊಳಗಿನ ನಿಮ್ಮ ಎತ್ತುಗಳನ್ನು ಮುಚ್ಚಿಕೊಂಡು ಬನ್ನಿ," ಎಂದಳು.

ಮುಂದೆ ಎರಡು ತಲೆಯ ಸರ್ಪ ದಾರಿಗಡ್ಡ ಮಲಗಿತ್ತು. ಬೊಮ್ಮಯ್ಯ ಮತ್ತೆ ಮುಚ್ಚಳಕ್ಕೆ ಕೈ ಹಾಕಿದ. ದೇವೀರಿ ಆ ಕೈ ಹಿಡಿದುಕೊಂಡಳು.

"ಮಲಗಿದ್ದನ್ನು ಎಬ್ಬಿಸಿ ಅದರ ಮುಖ ನೋಡಬೇಕೇನು?"

ಹಣತೆಗೆ ಅಂಗೈ ಮರೆಮಾಡಿ, ಬೆರಳ ಸಂದಿಯ ಬೆಳಕಿನಲ್ಲಿ ಅವಳು ಗಂಡನನ್ನು ಸರ್ಪದ ಬಾಲ ದಾಟಿಸಿದಳು. ಬೊಮ್ಮಯ್ಯ ದುಬಾರಿ ದೀಪವನ್ನು ಎದೆಗೊತ್ತಿಕೊಂಡು ಹಿಂಬಾಲಿಸಿದ.

ಮೂರನೆಯ ಅಡ್ಡಿ ತಳವಿಲ್ಲದ ಕಂದರ. ಕತ್ತಲೊಳಗಿಂದ ಕಾಳಾಸ್ಯನ ದನಿ ಬಂತು.

"ಆಚೆ ದಡದಲ್ಲಿ ಏಳು ಹೊನ್ನಿಯರು ನಿಂತಿದ್ದಾರೆ. ಒಬ್ಬಳೇ ನಿಮ್ಮವಳು. ಅವಳನ್ನು ಗುರುತಿಸಿದರೆ ನನ್ನ ಮಾಯೆಯೂ ನಾನೂ ಮುಗಿದೆವು. ತಪ್ಪಿದರೆ ಅವಳು ಕಲ್ಲಾಗುತ್ತಾಳೆ."

ದೇವೀರಿ ಹಣತೆಯನ್ನು ಎತ್ತಿ ಹಿಡಿದಳು. ಬೆಳಕು ಕಂದರದ ಅಂಚಿನಲ್ಲೇ ನಿಂತಿತು.

"ನನ್ನದು ಅಲ್ಲಿಗೆ ಮುಟ್ಟುವುದಿಲ್ಲ. ನಿಮ್ಮದನ್ನು ತೆಗೆಯಿರಿ."

ಬೊಮ್ಮಯ್ಯ ಮುಚ್ಚಳ ತೆರೆದ. ಆಚೆ ದಡ ಹಗಲಾಯಿತು. ಏಳೂ ಹುಡುಗಿಯರಿಗೆ ಅದೇ ಮೂಗು, ಅದೇ ಜಡೆ, ಗಲ್ಲದ ಮೇಲೆ ಅದೇ ಮಚ್ಚೆ. ಆರು ಮಂದಿ ರೆಪ್ಪೆ ಬಡಿಯದೆ ಮಿಂಚನ್ನೇ ನೋಡುತ್ತ ನಗುತ್ತಿದ್ದರು. ಒಬ್ಬಳು ಮಾತ್ರ ಮೊಣಕೈಯಿಂದ ಕಣ್ಣು ಮುಚ್ಚಿಕೊಂಡಳು.

"ಅಪ್ಪಾ, ಯಾರಾದರೂ ಹೀಗೆ ಮುಖಕ್ಕೆ ಬೆಳಕು ಬಿಡುತ್ತಾರಾ?"

"ಅವಳೇ," ಎಂದರು ಇಬ್ಬರೂ.

ಆರು ಹುಡುಗಿಯರು ಹೊಗೆಯಾದರು. ಕಾಳಾಸ್ಯನೂ ಹೊಗೆಯಾದ. ಕಂದರ ಕೂಡಿಕೊಂಡಿತು, ಹೊನ್ನಿ ಓಡಿಬಂದಳು. ಅಷ್ಟರಲ್ಲಿ ಬುರುಡೆಯ ಮಿಂಚು ತೀರಿಹೋಗಿತ್ತು. ಮೂವರೂ ಹಣತೆಯ ಬೆಳಕಿನಲ್ಲಿ ಮನೆಗೆ ಬಂದರು.

ಆಮೇಲೆ ಎಣ್ಣೆಗೆ ಬಂದವರೆಲ್ಲ, ಆ ದೀಪ ಎರಡು ಎತ್ತು ಬಾಳುತ್ತಿತ್ತೇ ಎಂದು ಕೇಳುವರು. ಹೆಗಲಲ್ಲಿ ಗಾಣ ತಿರುಗಿಸುತ್ತಿದ್ದ ಬೊಮ್ಮಯ್ಯನಿಗೆ ಉತ್ತರ ಕೊಡಲು ಉಸಿರಿರುತ್ತಿರಲಿಲ್ಲ.

"ಕೊಟ್ಟಿಗೆಗೆ ಹೋಗಿಬರಲು ಹಣತೆ ಸಾಕು," ಎನ್ನುವಳು ದೇವೀರಿ. "ಅಷ್ಟು ದೂರದಿಂದ ಮಗಳ ಮುಖ ಕಾಣಬೇಕಾದರೆ ಎರಡು ಎತ್ತು ಏನೂ ಹೆಚ್ಚಲ್ಲ."

ಹಾಗೆಂದು ನೊಗದ ಇನ್ನೊಂದು ಬದಿಗೆ ತಾನೂ ಹೆಗಲು ಕೊಡುವಳು. ಹೊನ್ನಿ ಗಾಣದ ಮೇಲೆ ಕೂತು ಹೋಯ್ ಹೋಯ್ ಎಂದು ಇಬ್ಬರನ್ನೂ ಓಡಿಸುವಳು. ಮೇಘಾವತಿಯಲ್ಲಿ ಅಷ್ಟು ಸುಖವಾಗಿದ್ದ ಮನೆ ಇನ್ನೊಂದಿರಲಿಲ್ಲ.