ಡಿಮ್ಮಕ್ ಕಾಡಿನ ದಾರಿಕಂಬ

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಆಸ್ಟ್‌ಕೂಂಬ್ ಠಾಣೆಗೆ ಬಂದ ಬೆರಿಲ್ ಗಾರ್ಸೈಡ್ ಕೂರಲೂ ಒಪ್ಪಲಿಲ್ಲ.

"ಡಿಮ್ಮಕ್ ಕಾಡಲ್ಲಿ ಯಾರೋ ದಾರಿಕಂಬ ಕಿತ್ತು ಹಳೇ ದಾರಿಗೆ ನೆಟ್ಟಿದ್ದಾರೆ! ಬಾಣದ ಗುರುತು ನಂಬ್ಕೊಂಡು ಹೋದ ನಮ್ಮೆಜಮಾನ್ರು ನಿನ್ನೆ ಸುಣ್ಣದ ಗುಂಡಿಗೆ ಬಿದ್ದು ಕಾಲು ಮುರ್ಕೊಂಡ್ರು. ನಾಲ್ಕು ಗಂಟೆ ಕೂಗಿದ್ದಾರೆ, ಒಂದು ನರಪಿಳ್ಳೆ ಬರ್ಲಿಲ್ಲ."

ಇನ್‌ಸ್ಪೆಕ್ಟರ್ ಹಿಲರಿ ಪೋಕಾಕ್ ದೂರು ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಟ್ಯಾರಂಟ್ ಜೊತೆ ಕಾಡಿಗೆ ಹೊರಟಳು. ಗುಂಡಿಯ ಅಂಚು ಕುಸಿಯುತ್ತಿದೆಯೆಂದು ಗ್ರಾಮಸಭೆಯವರು ಅಕ್ಟೋಬರ್‌ನಲ್ಲೇ ಆ ಹಳೇ ದಾರಿ ಮುಚ್ಚಿದ್ದರು.

ಹನ್ನೊಂದು ಐದಕ್ಕೆ ಮಹಜರು.

"ಯಾರೋ ಕುಡುಕರ ಕಿತಾಪತಿ ಮೇಡಂ," ಎಂದ ಟ್ಯಾರಂಟ್.

ಹಿಲರಿ ಕಂಬದ ಬುಡ ಅಗೆಸಿದಳು. ಮೂರು ವರಸೆ ಕಲ್ಲು ಜಡಿದು, ಮಣ್ಣು ಗುದ್ದಿ, ಮೇಲೆ ಹುಲ್ಲುಸಮೇತ ಮಣ್ಣಿನ ಹೆಂಟೆ ನೀಟಾಗಿ ಹಾಸಲಾಗಿತ್ತು. ಕುಡುಕರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಗ್ರಾಮಸಭೆಯವರು ಹಿಂದೆ ನೆಡಿಸಿದ್ದ ಪಕ್ಕದ ಕಂಬದ ಬುಡವೂ ಹಾಗೇ ಇತ್ತು.

"ಅದು ವಿಲ್ಫ್ರೆಡ್ ಯೆಲ್ಯಾಂಡ್ ಕೈಕೆಲಸ," ಎಂದರು ಬುಡದ ವಿವರ ಕೇಳಿದ ಗ್ರಾಮಸಭೆಯ ಗುಮಾಸ್ತರು. "ಮೂವತ್ತು ವರ್ಷ ಕಾಲುದಾರಿ ನೋಡ್ಕೊಂಡೋರು. ಇನ್ನೊಬ್ರ ಕೈಲಿ ಒಂದು ಕಂಬ ನೆಡಿಸಿದೋರಲ್ಲ."

ಎರಡೂವರೆಗೆ ಹಿಲರಿ, ಟ್ಯಾರಂಟ್ ಜೊತೆ ಯೆಲ್ಯಾಂಡ್ ಮನೆ ತಲುಪಿದಳು. ಹಳೇ ದಾರಿ ಅವರ ಬಾಗಿಲಿಗೇ ತಾಗಿಕೊಂಡಿತ್ತು. ಮೇಜಿನ ಮೇಲೆ ಎರಡು ಟೀ ಕಪ್ಪುಗಳು ಯಾರಿಗೋ ಕಾಯುತ್ತಿದ್ದವು.

"ಕಂಬ ನೆಟ್ಟಿದ್ದು ನೀವೇನಾ?"

"ಹೌದು. ಯಾಕೆ, ವಾಲಿದೆಯಾ?"

"ಯಾಕೆ ನೆಟ್ರಿ?"

"ಮುಂಚೆ ದಿನಾ ಹತ್ತು ಜನ ಈ ಕಡೆ ಹೋಗೋರು. 'ಇವತ್ತು ಚಳಿ ಜಾಸ್ತಿ ಅಲ್ವಾ?' ಅನ್ನೋರು. ನಂಗಷ್ಟೇ ಸಾಕಿತ್ತು. ದಾರಿ ಮುಚ್ಚಿದ್ಮೇಲೆ ಒಬ್ರೂ ಬಂದಿಲ್ಲ."

"ಗುಂಡಿ ಇಲ್ಲಿಂದ ಇನ್ನೂರು ಗಜ. ನಿನ್ನೆ ಗಾರ್ಸೈಡ್ ಅದ್ರೊಳಗೆ ಬಿದ್ದು ಕೂಗಿದ್ದು ಕೇಳಿಸ್ಲಿಲ್ವಾ?"

ಮುದುಕ ಒಂದು ಕಪ್ಪನ್ನು ಪಕ್ಕಕ್ಕೆ ಸರಿಸಿದ. "ಕೇಳಿಸ್ತು. ಯಾರೋ ನಾಯಿ ಕರೀತಾ ಬರ್ತಿದ್ದಾರೆ ಅಂದ್ಕೊಂಡೆ. ಟೀಗೆ ನೀರಿಟ್ಟೆ. ತಲೆ ಬಾಚ್ಕೊಂಡೆ."

"ಹೊರಗೆ ಬಂದು ನೋಡ್ಬಾರದಿತ್ತಾ?"

"ಬಾಗಿಲಲ್ಲಿ ನಿಂತ್ರೆ, ನಾನು ಕಾಯ್ತಾ ಇದ್ದೆ ಅಂತ ಗೊತ್ತಾಗಿಬಿಡುತ್ತಲ್ಲ ಮೇಡಂ. ಸುಮ್ನೆ ಒಳಗೇ ಕೂತೆ."

ಭಾನುವಾರಗಳಲ್ಲಿ ಹಿಲರಿಯೂ ಯಾರೊಡನೆಯೂ ಮಾತಿಲ್ಲದೆ ದಿನ ಕಳೆಯುವವಳೇ. ಟ್ಯಾರಂಟ್ ಗಡಿಯಾರ ನೋಡಿದ. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಟೀ ಕೊಡಿ," ಎಂದಳು. "ಇವತ್ತು ಚಳಿ ಜಾಸ್ತಿ."

ಮೂರು ಹತ್ತಕ್ಕೆ ಯೆಲ್ಯಾಂಡ್ ಅವರನ್ನು ಬಂಧಿಸಲಾಯಿತು. ವರದಿಯಲ್ಲಿ ಅಪರಾಧದ ಉದ್ದೇಶ ಕೇಳಿದ ಕಡೆ ಹಿಲರಿ ಹೀಗೆ ಬರೆದಳು: ಮನೆ ಮುಂದೆ ಜನ ಓಡಾಡಲಿ ಎಂದು.