ಎರಡು ಗೋಡೆಗಳ ಸಂದು

ಹಿಡಿದಿದೆಯೋ ನೋಡಲೆಂದು ಅಪ್ಪ, ಗೋಡೆಯ ಸಂದಿಗೆ ತುಂಬಿದ್ದ ಸೀಲಂಟಿನ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ಬೆರಳಲ್ಲಿ ಹಿಡಿದು ಎಳೆದ. ಅದು ರಬ್ಬರಿನ ಹಾಗೆ ಹಿಗ್ಗಬೇಕಿತ್ತು, ಗೋಡೆ ಬಿಡೆನೆಂದು ಹಟ ಹಿಡಿಯಬೇಕಿತ್ತು. ಬಾಳೆಹಣ್ಣಿನ ಸಿಪ್ಪೆಯಂತೆ ಸಲೀಸಾಗಿ ಸುಲಿದು ಬಂತು.

ನೋಡುತ್ತಿದ್ದ ಸ್ನೇಹಲ್ ಒಂದು ಹೆಜ್ಜೆ ಹಿಂದೆ ಸರಿದಳು.

ವಿಮಾನ ನಗರದ ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಟೆರೇಸಿನಲ್ಲಿ, ಎರಡು ವಿಂಗ್‌ಗಳ ಗೋಡೆಗಳ ನಡುವೆ ಎರಡು ಬೆರಳಗಲದ ಸಂದು ಇದೆ. ಬಿಸಿಲಿಗೆ ಗೋಡೆ ಹಿಗ್ಗಲಿ, ಚಳಿಗೆ ಕುಗ್ಗಲಿ ಎಂದು ಬೇಕೆಂದೇ ಬಿಟ್ಟ ಜಾಗ. ಹೋದ ಮಳೆಗಾಲದಲ್ಲಿ ಅದರೊಳಗಿಂದ ನೀರು ಇಳಿದು ಅಜ್ಜಿಯ ಹಾಸಿಗೆ ತೊಯ್ದಿತ್ತು. ಈ ಸಲ ಅದನ್ನು ತುಂಬುವ ಕೆಲಸ ಸ್ನೇಹಲ್‌ಳ ಅಪ್ಪ ಸಿದ್ದಾರೂಢನಿಗೇ ಸಿಕ್ಕಿತ್ತು. ಕಟ್ಟಡಗಳ ಸಂದು ತುಂಬುವುದೇ ಅವನ ಧಂದೆ. ನಮ್ಮಪ್ಪ ತುಂಬಿದರೆ ಒಂದು ಹನಿಯೂ ಇಳಿಯುವುದಿಲ್ಲ ಎಂದು ಸ್ನೇಹಲ್ ಕ್ಲಾಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಪಕ್ಕದಲ್ಲೇ ನಿಂತಿದ್ದ ಸೊಸೈಟಿಯ ಸೆಕ್ರೆಟರಿ ಹರ್ಷದಾ ಕಾಕು, ಮೊದಲ ಮಳೆಗೇ ಇದು ಹೀಗೆ ಕಿತ್ತು ಬರುತ್ತದೋ ಹೇಗೆ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಅಪ್ಪನ ಮುಖ ಕೆಂಪಾಯಿತು. ಸುಲಿದ ಪಟ್ಟಿಯ ಬೆನ್ನಿಗೆ ಬಿಳಿ ಪುಡಿ ಮೆತ್ತಿತ್ತು. ಅವನು ಮಲಕಪ್ಪನ ಕಡೆ ತಿರುಗಿದ. ಮಲಕಪ್ಪ ಮೊದಲಿನಿಂದಲೂ ಅಪ್ಪನ ಜೊತೆಗಿರುವ ಕೆಲಸಗಾರ. ಸೀಲಂಟ್ ತುಂಬುವ ಮುಂಚೆ ಸಂದನ್ನು ಬ್ರಶ್‌ನಿಂದ ಉಜ್ಜುವುದು ಅವನ ಕೆಲಸ; ಗನ್ ಹಿಡಿದು ತುಂಬುವುದು ಮಾತ್ರ ಯಾವಾಗಲೂ ಅಪ್ಪನೇ.

"ಧೂಳ ಹಂಗ ಬಿಟ್ಟಿಯೇನು ಮಲಕಪ್ಪಾ?"

"ಇಲ್ರಿ. ಉಜ್ಜೀನ್ರಿ."

"ಉಜ್ಜಿದ್ರ ಈ ಪುಡಿ ಎಲ್ಲಿಂದ ಬಂತು?"

ಮಲಕಪ್ಪ ತಲೆ ತಗ್ಗಿಸಿ ಕೈಯಲ್ಲಿದ್ದ ಬ್ರಶ್ಶನ್ನೇ ನೋಡತೊಡಗಿದ. ಪಾಪ, ಗೊತ್ತಿದ್ದರೆ ತಾನೇ ಹೇಳುವುದು.

ಗೊತ್ತಿದ್ದದ್ದು ಸ್ನೇಹಲ್‌ಗೆ. ಅವರ ಮನೆಗೆ ಹೊಸದೇನೇ ಬರಲಿ, ಅಜ್ಜಿ ಚನ್ನಬಸವ್ವ ಮೂರು ಬೆರಳಲ್ಲಿ ವಿಭೂತಿ ಎಳೆಯದೆ ಅದು ಬಳಕೆಗೆ ಬರುವುದಿಲ್ಲ. ಸ್ಕೂಟರಿಗೂ ಮಿಕ್ಸರಿಗೂ ಸ್ಕೂಲ್ ಬ್ಯಾಗಿಗೂ ಹಣೆ ಇದೆಯೆಂದೇ ಅಜ್ಜಿಯ ನಂಬಿಕೆ. ಸಂದು ತುಂಬುವ ದಿನ ಮೊಣಕಾಲು ನೋವೆಂದು ಅವಳು ವಿಭೂತಿಗಟ್ಟಿಯನ್ನು ಮೊಮ್ಮಗಳ ಕೈಗೇ ಕೊಟ್ಟಿದ್ದಳು. ಉಜ್ಜುವುದು ಮುಗಿದು ಅಪ್ಪ ಮತ್ತು ಮಲಕಪ್ಪ ಚಹಾಕ್ಕೆ ಇಳಿದಾಗ ಸ್ನೇಹಲ್ ಮೇಲೆ ಬಂದಳು. ಹೊರಗೆ ಹಚ್ಚಿದರೆ ಮಳೆಗೆ ತೊಳೆದುಹೋದೀತೆಂದು ಜಾಣತನ ಮಾಡಿ, ಸಂದಿನ ಒಳಗೇ ಧಾರಾಳವಾಗಿ ಬಳಿದಳು.

ಹರ್ಷದಾ ಕಾಕು ಹೋದ ಮೇಲೆ ಹೇಳಿದರಾಯಿತು ಅನ್ನಿಸಿತು. ಆದರೆ ಮಲಕಪ್ಪ ಇನ್ನೂ ತಲೆ ಎತ್ತಿರಲಿಲ್ಲ.

"ಅಪ್ಪಾ, ಅದು ಧೂಳಲ್ಲ, ವಿಭೂತಿ. ಮಲಕಪ್ಪ ಕಾಕಾ ಉಜ್ಜಿದ ಮ್ಯಾಲೆ ನಾನ ಹಚ್ಚೀನಿ." ಹರ್ಷದಾ ಕಾಕುಗೂ ಗೊತ್ತಾಗಲೆಂದು ಅದನ್ನೇ ಮರಾಠಿಯಲ್ಲೂ ಹೇಳಿದಳು.

ಅಪ್ಪ ಬೆರಳಿಗೆ ಹತ್ತಿದ ಪುಡಿಯನ್ನು ಮೂಸಿ ನೋಡಿದ. ಬಯ್ಯಬೇಕೋ ನಗಬೇಕೋ ಅವನಿಗೆ ತಿಳಿಯಲಿಲ್ಲ.

"ಈ ಸೀಲಂಟಿಗೆ ಬರೇ ಗೋಡಿ ಬೇಕವ್ವಾ. ನಡುವ ದೇವರ ಬೂದಿ ಬಂದ್ರೂ ಹಿಡಿಯಂಗಿಲ್ಲ," ಎಂದ. ಆಮೇಲೆ ದನಿ ತಗ್ಗಿಸಿ, "ನಂದ ತಪ್ಪಾತು ಮಲಕಪ್ಪಾ," ಎಂದ.

ಹಳೆಯದನ್ನೆಲ್ಲ ಕಿತ್ತರು. ಮಲಕಪ್ಪ ಬ್ರಶ್ ಹಾಕಿದ, ಸ್ನೇಹಲ್ ಹಿಂದೆಯೇ ಬಟ್ಟೆಯಿಂದ ಒರೆಸಿದಳು. ಬಟ್ಟೆಗೆ ಚೂರೂ ಪುಡಿ ಹತ್ತದ ತನಕ ಬಿಡಲಿಲ್ಲ. ಸೀಲಂಟ್ ಆಳಕ್ಕೆ ಜಾರದಂತೆ ಅಪ್ಪ ಸಂದಿನೊಳಗೆ ಫೋಮಿನ ಹಗ್ಗ ಕೂರಿಸಿ, ಅಂಚಿಗೆ ಟೇಪ್ ಅಂಟಿಸಿದ. ಇನ್ನು ಸೀಲಂಟ್ ತುಂಬುವುದಷ್ಟೇ ಬಾಕಿ.

ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತ ಬಂದಳು. ವಿಭೂತಿಯಿಂದಲೇ ಸೀಲಂಟ್ ಕಿತ್ತು ಬಂತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಮತ್ತ ಹೊಸದಾಗಿ ತುಂಬಾಕತ್ತೀರಂತ?" ಎನ್ನುತ್ತ, ವಿಭೂತಿ ಹತ್ತಿದ ಮೂರು ಬೆರಳನ್ನು ನೇರ ಸಂದಿನ ಕಡೆ ಚಾಚಿದಳು. ಅಪ್ಪ ಗಾಬರಿಯಾದ.

ಸ್ನೇಹಲ್ ಅಜ್ಜಿಯ ಕೈಯನ್ನು ದಾರಿಯಲ್ಲೇ ಹಿಡಿದುಕೊಂಡಳು. ಮಲಕಪ್ಪನ ಮುಖ ನೋಡಿದಳು.

"ಗೋಡಿಗೆ ಬ್ಯಾಡಜ್ಜಿ. ಕಾಕಾಗ ಹಚ್ಚು."

ಮಲಕಪ್ಪ ಟೋಪಿ ತೆಗೆದು ಬಗ್ಗಿದ. ಅಜ್ಜಿ ಅವನ ಹಣೆಯ ಮೇಲೆ ನಿಧಾನವಾಗಿ ಮೂರು ಬಿಳಿ ಗೆರೆ ಎಳೆದಳು. ಅಪ್ಪ ಸೀಲಂಟ್ ಗನ್ ಎತ್ತಿ ಅವನ ಕೈಗೆ ಕೊಟ್ಟ.