ಅವನು ಓದದೆ ಬಿಟ್ಟ ಸಾಲು

"ಸ್ಕ್ರೀನ್ ಮೇಲೆ ಏನು ಬತ್ತಾ ಇದೆ ಮೇಡಂ?"

ಲ್ಯಾಬಿನ ಬಾಗಿಲಲ್ಲಿ ನಿಂತವನು ಕೇಳಿದ ಮೊದಲ ಪ್ರಶ್ನೆಯೇ ಇದು. ಶಿವರಂಜನಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಅದನ್ನ ನೋಡಿ ಹೇಳೋಕೆ ತಾನೇ ನಿಮ್ಮನ್ನ ಕರೆಸಿರೋದು?"

ಮೇಜಿಗೆ ಒರಗಿಸಿದ್ದ ಅವಳ ಬಿಳಿ ಕೋಲು ಅವನಿಗೆ ಆಗಷ್ಟೇ ಕಂಡಿರಬೇಕು. ಹೆಗಲ ಚೀಲವನ್ನು ಮೆಲ್ಲಗೆ ಕೆಳಗಿಟ್ಟ ಸದ್ದಾಯಿತು.

"ತಪ್ಪಾಯ್ತು ಮೇಡಂ... ಫೋನಲ್ಲಿ ಮಾತಾಡುವಾಗ ಗೊತ್ತಾಗ್ಲಿಲ್ಲ."

'ಗೊತ್ತಾಗಿದ್ದರೆ ಏನು ಮಾಡುತ್ತಿದ್ದನೋ... ಇನ್ನಷ್ಟು ಮೆತ್ತಗೆ ಮಾತಾಡುತ್ತಿದ್ದನೇನೋ!' ಎಂದುಕೊಂಡಳು ರಂಜನಿ. ಮೆತ್ತಗೆ ಮಾತಾಡುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಅವಳು ಕೊರವಂಗಲದವಳು. ಹುಟ್ಟಿನಿಂದಲೇ ಕಣ್ಣು ಕಾಣದು. ಹೊಳೆನರಸೀಪುರದಲ್ಲಿ ಅಂಧ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ಎರಡು ವರ್ಷದಿಂದ ಕಂಪ್ಯೂಟರ್ ಟೀಚರ್. ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರುಗಳಿದ್ದವು. ಹನ್ನೆರಡೂ ಮೂಲೆಯಲ್ಲಿದ್ದ ಒಂದೇ ಸರ್ವರಿನಿಂದ, ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವಂಥವು. ಪರದೆಯ ಮೇಲೆ ಬಂದದ್ದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ಒಂದು ದನಿ ಅವುಗಳಲ್ಲಿತ್ತು. ಆ ದನಿಯಿದ್ದರೆ ಮಾತ್ರ ಆ ಹುಡುಗಿಯರಿಗೆ ಕಂಪ್ಯೂಟರು. ಇಲ್ಲವಾದರೆ ಅದೊಂದು ಬೆಚ್ಚಗಿನ ಡಬ್ಬಿ, ಅಷ್ಟೇ.

ಸೋಮವಾರ ಬೆಳಿಗ್ಗೆ ಸ್ವಿಚ್ ಒತ್ತಿದರೆ ಹನ್ನೆರಡೂ ಮೂಕವಾಗಿದ್ದವು.

ಮುಂದಿನ ಸೋಮವಾರ ಐವರು ಹುಡುಗಿಯರಿಗೆ ಕಂಪ್ಯೂಟರ್ ಪರೀಕ್ಷೆ. ಪಾಸಾದರೆ ಡಾಟಾ ಎಂಟ್ರಿ ಕೆಲಸಗಳಿಗೆ ಅರ್ಜಿ ಹಾಕಬಹುದು. ಐವರಲ್ಲಿ ದೊಡ್ಡವಳಾದ ಪ್ರತಿಭಾ ಹೋದ ವರ್ಷ ಎರಡೇ ಅಂಕಕ್ಕೆ ಫೇಲಾಗಿದ್ದಳು. ಈ ಸಲವೂ ಆಗಲಿಲ್ಲವೆಂದರೆ ಮನೆಯವರು ಊರಿಗೆ ಕರೆದುಕೊಂಡು ಹೋಗಿಬಿಡುತ್ತಾರೆ.

ಮಂಗಳವಾರ ಬಂದವನ ಹೆಸರು ರುದ್ರೇಶ. ಅರಕಲಗೂಡಿನವನು. ಹಾಸನದ ಒಂದು ಸರ್ವೀಸ್ ಆಫೀಸಿನ ಪರವಾಗಿ ಈ ಕಡೆಯ ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಭಾನುವಾರ ಸಂಜೆ ಅಲ್ಲಿಂದಲೇ ಇಲ್ಲಿನ ಸರ್ವರಿಗೆ ಅಪ್‌ಡೇಟ್ ಹಾಕಿದ್ದವನೂ ಅವನೇ. ಭಾನುವಾರ ಅವನು ಕೈ ಹಾಕಿದ, ಸೋಮವಾರ ದನಿ ಹೋಯಿತು. ಇನ್ನೇನು ಬೇಕು? ರಂಜನಿ ತೀರ್ಮಾನಿಸಿಬಿಟ್ಟಿದ್ದಳು.

ಸರ್ವರಿನ ಮುಂದೆ ಅವಳೇ ಕೂತಳು. ಕೀಬೋರ್ಡ್ ಬಿಟ್ಟುಕೊಡಲು ಒಪ್ಪಲಿಲ್ಲ. ಏನು ಟೈಪ್ ಮಾಡಬೇಕೋ ಅವನು ಹೇಳಲಿ, ಪರದೆಯ ಮೇಲೆ ಬಂದದ್ದನ್ನು ಓದಲಿ ಎಂದಳು. ಯಾವ ಪ್ಯಾಕೇಜನ್ನು, ಅಂದರೆ ಯಾವ ಸಾಫ್ಟ್‌ವೇರ್ ಕಟ್ಟನ್ನು ಯಾವತ್ತು ಹಾಕಿದರು, ಯಾರು ಹಾಕಿದರು ಎಂದು ಕಂಪ್ಯೂಟರೇ ಬರೆದಿಡುವ ಕಡತವನ್ನು ತೆರೆಸಿದ ರುದ್ರೇಶ. ಓದಲು ಬಾಯಿ ತೆರೆದವನು ಸುಮ್ಮನಾದ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಪ್ರೇಮಕುಮಾರಿ ಮೇಡಂ ಒಳಗೆ ಬಂದರು. ಪರೀಕ್ಷೆ ಎದುರಿಗಿಟ್ಟುಕೊಂಡು ಇದೇನು ಕರ್ಮ ಎಂದು ಸಿಡುಕಿದರು. ಸರ್ವರ್ ಮುಟ್ಟಿದವರು ಯಾರೇ ಆಗಲಿ, ಕಮಿಟಿಯ ಮುಂದೆ ಉತ್ತರ ಕೊಡಬೇಕಾಗುತ್ತದೆ ಎಂದರು. ರಂಜನಿಯ ಕೆಲಸ ಖಾಯಂ ಆಗುವ ಕಾಗದವೂ ಮುಂದಿನ ತಿಂಗಳ ಅದೇ ಕಮಿಟಿಯ ಮುಂದೆ ಬರಬೇಕಿತ್ತು.

"ಓದ್ರೀ, ಏನಿದೆ ಅದರಲ್ಲಿ?" ಎಂದಳು ರಂಜನಿ.

"ಭಾನುವಾರ ಸಾಯಂಕಾಲ ಆರು ಹತ್ತು. ಅಪ್‌ಗ್ರೇಡ್. ಹಾಕಿದವರು... ರುದ್ರೇಶ." ಅವನ ದನಿ ಪ್ರೇಮಕುಮಾರಿ ಮೇಡಂ ಕಡೆಗೆ ತಿರುಗಿತು. "ನಂದೇ ತಪ್ಪು ಮೇಡಂ."

'ಒಪ್ಪಿಕೊಂಡನಲ್ಲ, ಅಷ್ಟಾದರೂ ಮರ್ಯಾದೆ ಇದೆ' ಎಂದುಕೊಂಡಳು.

ಆಮೇಲೆ ಶುರುವಾಯಿತು ನೋಡಿ ಗೋಳು! ದನಿಯ ಪ್ಯಾಕೇಜು ಹೊಸದಾಗಿತ್ತು, ಅದಕ್ಕೆ ಕನ್ನಡ ಕೊಡುವ ಪ್ಯಾಕೇಜು ಹಳೆಯದೇ ಉಳಿದಿತ್ತು. ಒಂದು ಬಂದರೆ ತಾನಿರುವುದಿಲ್ಲ ಎಂದು ಇನ್ನೊಂದು ಹಟ ಹಿಡಿದಿತ್ತು. ಒಂದನ್ನು ಸರಿ ಮಾಡಿದರೆ ಮೂರನೆಯದೊಂದು ಕೈಕೊಡುತ್ತಿತ್ತು. ನೆಟ್ ಹತ್ತು ನಿಮಿಷ ಬಂದರೆ ಇಪ್ಪತ್ತು ನಿಮಿಷ ಇಲ್ಲ. ಬಂದ ಎರರುಗಳನ್ನೆಲ್ಲ ರುದ್ರೇಶ ಒಂದೇ ರಾಗದಲ್ಲಿ ಓದುತ್ತಾ ಹೋದ. ಪಂಚಾಂಗ ಓದಿದ ಹಾಗೆ ಓದಬೇಡಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಎಂದು ರಂಜನಿ ನಾಲ್ಕು ಸಲ ಗದರಿದಳು.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು. ಹೊಸ ದನಿಯನ್ನು ತೆಗೆಯಬಹುದು, ಅದರ ಜೊತೆಗೆ ಇನ್ನೂ ನಲವತ್ತು ಪ್ಯಾಕೇಜು ಹೋಗುತ್ತವೆ, ಮುಂದುವರಿಯಲೇ?

"ಯೆಸ್ ಅಂತ ವೈ ಒತ್ತಲಾ?" ಎಂದಳು.

"ಬ್ಯಾಡ, ಬ್ಯಾಡ... ಕೈ ತೆಗೀರಿ! ಡೆಸ್ಕ್‌ಟಾಪೇ ಎದ್ದು ಓಯ್ತದೆ."

ಗಾಬರಿಯಲ್ಲಿ ಅವನ ಊರ ಮಾತು ಹೊರಗೆ ಬಂದುಬಿಟ್ಟಿತ್ತು. ಎರಡು ದಿನದಲ್ಲಿ ಮೊದಲ ಸಲ ರಂಜನಿಗೆ ನಗು ಬಂತು. ಅವಳು ನಕ್ಕದ್ದಕ್ಕೆ ಅವನೂ ನಕ್ಕ. ಅವನ ನಗು ಮೆತ್ತಗಿರಲಿಲ್ಲ. ಅದು ಅವಳಿಗೆ ಹಿಡಿಸಿತು.

ಬೇಕಾಗಿದ್ದದ್ದು ದನಿಯ ಹಳೆಯ ಪ್ಯಾಕೇಜು. ಹುಡುಕಿದರೆ ಅದನ್ನು ಇಂಟರ್ನೆಟ್ಟಿನಿಂದಲೇ ತೆಗೆದುಹಾಕಿದ್ದರು. ರಂಜನಿ ತಲೆಯ ಮೇಲೆ ಕೈ ಹೊತ್ತು ಕೂತಳು. ರುದ್ರೇಶ ಬಹಳ ಹೊತ್ತು ಯೋಚಿಸಿ, ಚನ್ನರಾಯಪಟ್ಟಣದ ಒಂದು ಶಾಲೆಗೂ ಇಂಥದೇ ಸರ್ವರ್ ಹಾಕಿದ್ದೆ, ವರ್ಷದಿಂದ ಅದನ್ನು ಯಾರೂ ಆನ್ ಮಾಡಿಲ್ಲ, ಹಳೆಯ ಫೈಲು ಅದರಲ್ಲಿ ಹಾಗೇ ಉಳಿದಿರುತ್ತದೆ ಎಂದ. ಬೈಕು ಹತ್ತಿ ಹೊರಟೇಬಿಟ್ಟ.

ಬುಧವಾರವಿಡೀ ಅವನು ವಾಪಸ್ಸು ಬರಲಿಲ್ಲ. ರಂಜನಿ ನಾಲ್ಕು ಸಲ ಫೋನ್ ಮಾಡಿದಳು. ಬೀಗದ ಕೈ ಇಟ್ಟುಕೊಂಡ ಮೇಷ್ಟ್ರು ರಜೆಯ ಮೇಲೆ ದಂಡಿಗನಹಳ್ಳಿಗೆ ಹೋಗಿದ್ದಾರಂತೆ, ಅಲ್ಲಿಗೆ ಹೋದರೆ ಹೊಲದಲ್ಲಿದ್ದಾರಂತೆ, ಹೊಲದಲ್ಲಿ ಸಿಕ್ಕರೆ ಬೀಗದ ಕೈ ಹೆಂಡತಿಯ ತವರಿನಲ್ಲಿದೆಯಂತೆ! ಪ್ರತಿ ಸಲವೂ ರೇಗಿ ಫೋನಿಟ್ಟಳು. ಪ್ರತಿ ಸಲವೂ ಇಟ್ಟ ಮೇಲೆ, ಊಟ ಮಾಡಿದಿರಾ ಎಂದು ಕೇಳಬಹುದಿತ್ತು ಎನಿಸಿತು. ಯಾಕೆ ಹಾಗೆನಿಸಿತೆಂದು ತನ್ನ ಮೇಲೂ ರೇಗಿಕೊಂಡಳು.

ಗುರುವಾರ ಬೆಳಿಗ್ಗೆ ಎಂಟಕ್ಕೇ ಬಂದ. ಬಟ್ಟೆಯಿಂದ ಧೂಳಿನ ವಾಸನೆ ಬರುತ್ತಿತ್ತು. ಪೆನ್‌ಡ್ರೈವ್ ಅವಳ ಕೈಗಿಟ್ಟ.

ಅವನು ಹೇಳಿದಂತೆ ಅವಳು ಹಳೆಯ ಪ್ಯಾಕೇಜುಗಳನ್ನು ಒಂದೊಂದಾಗಿ ಹಾಕಿದಳು. ಕಡೆಗೆ ಅವುಗಳ ಮೇಲೆ ಹೋಲ್ಡ್ ಹಾಕಿಸಿದ. ಹೋಲ್ಡ್ ಎಂದರೆ, ಎಂಥ ಅಪ್‌ಡೇಟ್ ಬಂದರೂ ಇದನ್ನು ಬದಲಾಯಿಸಬೇಡ ಎಂದು ಕಂಪ್ಯೂಟರಿಗೆ ಹೇಳಿಡುವುದು. ಸರ್ವರನ್ನು ಆರಿಸಿ ಮತ್ತೆ ಹಚ್ಚಿದರು.

"ಸ್ವಾಗತ" ಎಂದಿತು ಯಂತ್ರ, ಎಂದಿನ ಅದೇ ಗಂಟಲು ಕಟ್ಟಿದ ದನಿಯಲ್ಲಿ.

ಹುಡುಗಿಯರು ಚಪ್ಪಾಳೆ ತಟ್ಟಿದರು. ರಂಜನಿಯ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದವನನ್ನು ಖುಷಿಯಾಯಿತಾ ಎಂದು ಕೇಳಿದರೆ, ಆಯ್ತು ಎಂದಷ್ಟೇ ಹೇಳಿ ಮುಂದಿನ ಮಿಷಿನಿನ ಕಡೆಗೆ ಹೋದ.

ಅವನು ಹೊರಟ ಮೇಲೆ, ಇನ್ನೊಮ್ಮೆ ಹೀಗಾದರೆ ತಾನೇ ಸರಿ ಮಾಡಿಕೊಳ್ಳಬೇಕೆಂದು ರಂಜನಿ ಎಲ್ಲವನ್ನೂ ಬರೆದಿಡಲು ಕೂತಳು. ಅದೇ ಕಡತವನ್ನು ತೆರೆದಳು. ಈಗ ಓದಲು ಯಾರೂ ಬೇಕಿರಲಿಲ್ಲ. ಯಂತ್ರವೇ ಓದತೊಡಗಿತು.

ಭಾನುವಾರಕ್ಕಿಂತ ಮೊದಲು ಇನ್ನೊಂದು ಸಾಲಿತ್ತು. ಶನಿವಾರ, ನಾಲ್ಕು ಗಂಟೆ ಹನ್ನೆರಡು ನಿಮಿಷ. ಹೋಲ್ಡ್ ಇದ್ದ ಪ್ಯಾಕೇಜನ್ನು ಬಲವಂತವಾಗಿ ಬದಲಾಯಿಸಲಾಗಿದೆ. ಹಾಕಿದವರು: ರಂಜನಿ.

ಅವಳ ಬೆರಳು ಹಾಗೇ ನಿಂತುಬಿಟ್ಟಿತು.

ಶನಿವಾರ... ಹೌದು. ಅಂಕಿಗಳನ್ನು ಆ ದನಿ ಇಂಗ್ಲಿಷಿನಲ್ಲಿ ಓದುತ್ತದೆಂದು ಹುಡುಗಿಯರು ಗೊಣಗಿದ್ದರು. ಯಾವುದೋ ವೆಬ್‌ಸೈಟಿನಲ್ಲಿದ್ದ ಕಮಾಂಡನ್ನು ತಂದು ಹಾಕಿದ್ದಳು. ಅಂಕಿಗಳು ಬದಲಾಗಲಿಲ್ಲ, ದನಿಯೂ ನಡೆಯುತ್ತಲೇ ಇತ್ತು. ಕಮಾಂಡು ಹತ್ತಲಿಲ್ಲವೆಂದುಕೊಂಡು ಅದನ್ನು ಮರೆತೇಬಿಟ್ಟಿದ್ದಳು. ಆರಿಸಿ ಹಚ್ಚುವವರೆಗೂ ಹಳೆಯ ದನಿಯೇ ಓಡುತ್ತಿರುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ತಪ್ಪು ತನ್ನದು. ಅದನ್ನು ಅವನು ಮಂಗಳವಾರವೇ ನೋಡಿದ್ದ.

ಮೊದಲು ನಾಚಿಕೆಯಾಯಿತು. ಅದರ ಹಿಂದೆಯೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಫೋನ್ ಹಚ್ಚಿದಳು.

"ಶನಿವಾರದ ಸಾಲನ್ನ ಯಾಕೆ ಓದಲಿಲ್ಲ?"

"ಹೆಡ್‌ಮಿಸ್ ಪಕ್ಕದಲ್ಲೇ ನಿಂತಿದ್ರಲ್ಲ ಮೇಡಂ. ನಿಮ್ಮ ಕೆಲಸಕ್ಕೆ ತೊಂದ್ರೆ ಆಯ್ತದೆ ಅಂತ..."

"ನನಗೆ ಒಳ್ಳೇದು ಮಾಡಿದ್ರಿ ಅಂದ್ಕೊಂಡ್ರಾ? ಇಡೀ ದಿನ ನೀವು ಓದಿದ್ದನ್ನ ನಂಬಿ ಟೈಪ್ ಮಾಡಿದೀನಿ ರುದ್ರೇಶ್. ಚಿಕ್ಕೋಳಿದ್ದಾಗಿಂದ ನನಗೆ ಬೇಜಾರಾಗುತ್ತೆ ಅಂತ ಎಲ್ರೂ ಒಂದೊಂದು ಸಾಲು ಬಿಟ್ಟೇ ಓದಿದಾರೆ. ನೀವೂ ಅದನ್ನೇ ಮಾಡಿದ್ರಿ."

ಅವನು ಏನೋ ಹೇಳಲು ಹೊರಟ. ಅವಳು ಫೋನ್ ಕಟ್ ಮಾಡಿದಳು.

ನೇರವಾಗಿ ಪ್ರೇಮಕುಮಾರಿ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ತಲೆ ಚಚ್ಚಿಕೊಂಡರು. ರುದ್ರೇಶನನ್ನು ಇನ್ನು ಕಳಿಸಬೇಡಿ ಎಂದು ಹಾಸನದ ಆಫೀಸಿಗೆ ಮಂಗಳವಾರವೇ ಬರೆದು ಹಾಕಿಯಾಗಿತ್ತು! ಇಬ್ಬರೂ ಸೇರಿ ನನ್ನ ಮರ್ಯಾದೆ ಕಳೆದಿರಿ ಎಂದು ಬೈದು, ನಡೆದದ್ದನ್ನು ಕಾಗದದಲ್ಲಿ ಬರೆದುಕೊಡಲು ಹೇಳಿದರು. ಶುಕ್ರವಾರವೇ ತುರ್ತಾಗಿ ಸೇರಿದ ಕಮಿಟಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಖಾಯಂ ಮಾಡುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿತು. ರಂಜನಿ ಆ ಆದೇಶವನ್ನು ಯಂತ್ರದಿಂದ ಎರಡು ಸಲ ಓದಿಸಿ ಕೇಳಿದಳು. ನೋವಾಯಿತು. ಆದರೂ ಒಂದಕ್ಷರ ಬಿಡದೆ ಕೇಳಿದ್ದೇನೆ ಎಂಬ ಸಮಾಧಾನವಿತ್ತು.

ಸೋಮವಾರ ಪರೀಕ್ಷೆ ನಡೆಯಿತು. ಪ್ರತಿಭಾ ಹತ್ತು ನಿಮಿಷ ಮೊದಲೇ ಮುಗಿಸಿ ಹೊರಗೆ ಬಂದು, ಒಂದೂ ಬಿಟ್ಟಿಲ್ಲ ಮಿಸ್ ಎಂದು ಅವಳ ಕೈ ಹಿಡಿದುಕೊಂಡಳು.

ಆ ಖುಷಿಯನ್ನು ಹೇಳಿಕೊಳ್ಳಬೇಕೆನಿಸಿದ ಮೊದಲ ಹೆಸರು ರುದ್ರೇಶನದು. ಅವನು ಫೋನ್ ಮಾಡಿರಲಿಲ್ಲ. ಮಂಗಳವಾರವೂ ಮಾಡಲಿಲ್ಲ. 'ಬೈಸಿಕೊಂಡವನು ಒಂದು ಫೋನಾದರೂ ಮಾಡಬಾರದೇ? ಇಂಥವನಿಗಾಗಿ ನಾನು ಊಟ ಬಿಡುವುದೇ?' ಹಾಸನದ ಆಫೀಸಿಗೆ ಕೇಳಿದರೆ, ಅವನನ್ನು ಶಾಲೆಗಳಿಂದ ತೆಗೆದು ಅರಕಲಗೂಡಿನಲ್ಲಿ ಪ್ರಿಂಟರ್ ರಿಪೇರಿಗೆ ಹಾಕಿದ್ದೇವೆ ಎಂದರು. ತಾನು ಬರೆದ ಕಾಗದದ ನಕಲನ್ನು ಪ್ರೇಮಕುಮಾರಿ ಮೇಡಂ ಸಹಿಯೊಂದಿಗೆ ಅವರಿಗೆ ಕಳಿಸಿದಳು.

ಬುಧವಾರ ಅರ್ಧ ದಿನ ರಜೆ ಹಾಕಿ ಅರಕಲಗೂಡಿನ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯನ್ನು ವಿಚಾರಿಸಿಕೊಂಡು ಹೋದಾಗ ರುದ್ರೇಶ ಪ್ರಿಂಟರಿಗೆ ಬಯ್ಯುತ್ತಿದ್ದ. ಅವಳ ಕೋಲಿನ ಸದ್ದಿಗೆ ಬೈಗುಳ ಅರ್ಧಕ್ಕೇ ನಿಂತಿತು. ಆಫೀಸಿನಿಂದ ಫೋನ್ ಬಂದಿತ್ತು, ಶಾಲೆಗಳ ಕೆಲಸ ವಾಪಸ್ಸು ಕೊಟ್ಟಿದ್ದಾರೆ ಎಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಅವನೂ ಜೊತೆಗೆ ಹೊರಟ. ಇಬ್ಬರೂ ಕಲ್ಲು ಬೆಂಚಿನ ಮೇಲೆ ಕೂತರು.

"ಬೈದದ್ದಕ್ಕೆ ಸಾರಿ ಕೇಳೋಕೆ ಬಂದಿಲ್ಲ" ಎಂದಳು ರಂಜನಿ. "ವಿಚಾರಿಸದೆ ತಪ್ಪನ್ನ ನಿಮ್ಮ ಮೇಲೆ ಹಾಕಿದ್ನಲ್ಲ, ಅದಕ್ಕೆ ಕೇಳ್ತೀನಿ."

"ನನ್ನದೂ ಅದೆ ಮೇಡಂ. ಹೋಲ್ಡ್ ಯಾಕೆ ಆಕಿದೀನಿ ಅಂತ ಒಂದು ದಿನವಾದ್ರೂ ನಿಮಗೆ ಏಳಿರಲಿಲ್ಲ. ಆ ಸಾಲು ಬಿಟ್ಟಿದ್ದಂತೂ ದೊಡ್ಡ ತಪ್ಪು. ಫೋನ್ ಮಾಡೋಕೆ ಮುಖ ಇರ್ಲಿಲ್ಲ."

"ಇನ್ನೇನಾದ್ರೂ ಮುಚ್ಚಿಟ್ಟಿದೀರಾ?"

"ಒಂದದೆ. ಗುರುವಾರ ಕೆಲಸ ಅನ್ನೊಂದಕ್ಕೇ ಮುಗಿದಿತ್ತು. ನಾಕು ಗಂಟೆಗಂಟ ಮಿಷಿನ್ ಟೆಸ್ಟ್ ಮಾಡ್ತೀನಿ ಅಂತ ಸುಮ್ನೆ ಕೂತಿದ್ದೆ."

"ಗೊತ್ತಿತ್ತು" ಎಂದಳು. "ಒಂಬತ್ತನೇದನ್ನ ಮೂರು ಸಲ ಟೆಸ್ಟ್ ಮಾಡಿದ್ರಿ. ನಾನು ಸುಮ್ಮನಿದ್ದೆ."

"ಯಾಕೆ?"

ಅವಳ ಕೆನ್ನೆ ಬಿಸಿಯಾಯಿತು. ಅದು ಅವನಿಗೆ ಕಾಣುತ್ತದೆಂದೂ ಗೊತ್ತಿತ್ತು.

"ಈ ಆರು ದಿನ ಯಾರೂ ನನ್ನ ಬಯ್ಲಿಲ್ಲ ಶಿವರಂಜನಿ" ಎಂದ ಅವನು, ಮೊದಲ ಸಲ ಅವಳ ಹೆಸರು ಹಿಡಿದು. "ನೆಮ್ಮದಿಯಾಗಿರಬೇಕಿತ್ತು. ಆಗ್ಲಿಲ್ಲ. ನೀವು ಒಪ್ಪಿದ್ರೆ... ಕೊರವಂಗಲಕ್ಕೆ ಬಂದು ನಿಮ್ಮ ಅಪ್ಪಾಜಿ ತಾವ ಮಾತಾಡ್ತೀನಿ."

ಸುತ್ತಲಿನ ಗದ್ದಲವೆಲ್ಲ ಒಂದು ಕ್ಷಣ ದೂರ ಸರಿದಂತಾಯಿತು. ಎದುರಿಗೆ ಯಾವುದೋ ಬಸ್ಸು ಬಂದು ನಿಂತಿತು. ಯಾವ ಊರಿನದೆಂದು ಯಾರೂ ಕೂಗಲಿಲ್ಲ.

ರುದ್ರೇಶ ನಿಟ್ಟುಸಿರು ಬಿಟ್ಟ.

"ಒಳೆನರಸೀಪುರದ ಬಸ್ಸು ಬಂತು. ಸೀಟೂ ಖಾಲಿ ಅವೆ" ಎಂದ. "ಬಸ್ಸು ಬಂದದ್ದನ್ನ ನಿಮಗೆ ಏಳಬಾರ್ದು ಅಂದ್ಕೊಂಡೆ... ಆಗ್ಲಿಲ್ಲ."

ರಂಜನಿ ಏಳಲಿಲ್ಲ. ಕೋಲನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡಳು.

"ಮುಂದಿನ ಬಸ್ಸು ಎಷ್ಟೊತ್ತಿಗೆ?"

"ಇನ್ನು ಮುಕ್ಕಾಲು ಗಂಟೆ ಆಯ್ತದೆ."

"ಈ ಬಸ್ಸು ಹೋಗ್ಲಿ ಬಿಡಿ" ಎಂದಳು. ಬೆಂಚಿನ ಮೇಲೆ ತಡವುತ್ತಾ ಹೋದ ಅವಳ ಕೈಗೆ ಅವನ ಕೈ ಸಿಕ್ಕಿತು. "ಅಪ್ಪಾಜಿ ಹತ್ರ ಏನು ಮಾತಾಡ್ತೀರೋ, ಮೊದಲು ನನ್ನ ಮುಂದೆ ಹೇಳಿ. ಪಂಚಾಂಗದ ಥರ ಬೇಡ. ನಿಧಾನವಾಗಿ."